ಈ ಮಾತ್ರೆ ಎಲ್ಲಿಂದ ಬಂತು?

ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಕೊಟ್ಟರು.
ಮೋರಖಂಡಿಯ ಮನೆಗೆ ತಂದ್ರಿ.
ಇದು ಅಸಲಿನಾ? ಹೇಗೆ ಗೊತ್ತಾಗೋದು?

ನಮ್ಮ ರಾಜ್ಯದಲ್ಲಿ ಸರ್ಕಾರಿ ಔಷಧಿಗಳ ಲೆಕ್ಕ ಇಡೋ ವ್ಯವಸ್ಥೆಯ ಹೆಸರೇ ‘ಔಷಧ’.
ಅದಕ್ಕೀಗ ಬ್ಲಾಕ್‌ಚೈನ್ ಜೋಡಿಸಿದ್ದಾರೆ.
ಕಂಪನಿಯಿಂದ ಉಗ್ರಾಣ,
ಉಗ್ರಾಣದಿಂದ ಆಸ್ಪತ್ರೆ.
ದಾರಿಯುದ್ದಕ್ಕೂ ದಾಖಲೆ.

ಬ್ಲಾಕ್‌ಚೈನ್ ಅಂದ್ರೆ?
ಬಿಟ್‌ಕಾಯಿನ್ ಸದ್ಯಕ್ಕೆ ಮರೀರಿ.
ಮಹಿಳಾ ಸಂಘದ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ.
ಅದರ ನಕಲು ಪ್ರತಿ ಸದಸ್ಯೆಯ ಮನೆಯಲ್ಲೂ ಇದೆ ಅಂದ್ಕೊಳ್ಳಿ.
ಒಬ್ಬರು ಕದ್ದು ಒಂದು ಅಂಕಿ ತಿದ್ದಿದ್ರೂ
ಉಳಿದವರ ಪುಸ್ತಕಕ್ಕೆ ತಾಳೆಯಾಗಲ್ಲ.
ಸಿಕ್ಕಿಬಿದ್ದರು!

2020ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಬ್ಲಾಕ್‌ಚೈನ್‌ಗಂತಲೇ ಒಂದು ಕೇಂದ್ರ ತೆರೆಯಿತು.
2021ರಲ್ಲಿ ಬ್ಲಾಕ್‌ಚೈನ್ ಬಗ್ಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯತಂತ್ರ ಬಂತು.
2024ರ ಸೆಪ್ಟೆಂಬರ್‌ನಲ್ಲಿ ‘ವಿಶ್ವಸ್ಯ’ ಅನ್ನೋ ಸಿದ್ಧ ವೇದಿಕೆ.
ಒಂದೊಂದು ಇಲಾಖೆಯೂ ಮೊದಲಿಂದ ಕಟ್ಟಬೇಕಿಲ್ಲ,
ಇದರ ಮೇಲೇ ಕೆಲಸ ಶುರು ಮಾಡಬಹುದು.
ಜಾಣ ನಡೆ ಅನ್ನಿಸುತ್ತೆ ನನಗೆ.

ಆದ್ರೆ ಮೊದಲ ನಮೂದೇ ತಪ್ಪಾದ್ರೆ?
ಆ ತಪ್ಪೂ ಅಷ್ಟೇ ಭದ್ರವಾಗಿ ಕೂತಿರುತ್ತೆ.
ಇನ್ನು, ಸ್ಟಾಕ್ ಇಲ್ಲದ ಮಾತ್ರೆಯನ್ನ ಬ್ಲಾಕ್‌ಚೈನ್ ತಂದುಕೊಡಲ್ಲ.
ಅದಕ್ಕೆ ಹೊತ್ತಿಗೆ ಸರಿಯಾಗಿ ಇಂಡೆಂಟ್ ಹಾಕೋ ಫಾರ್ಮಸಿಸ್ಟ್ ಬೇಕು,
ಉಗ್ರಾಣದಿಂದ ಹೊರಡೋ ಗಾಡಿ ಬೇಕು.