ಚಿತ್ತೆ ಸರಿದ ಎರಡು ಡಿಗ್ರಿ

ಕನ್ಯಾ ರಾಶಿಯ ಹೆಣ್ಣಿನ ಕೈಯಲ್ಲಿ ಗೋಧಿಯ ತೆನೆಯಿದೆ. ಗ್ರೀಕರು ಅವಳನ್ನು ಒಮ್ಮೆ ನ್ಯಾಯದೇವತೆ ಎಂದರು, ಒಮ್ಮೆ ಪೈರಿನ ತಾಯಿ ಡಿಮೀಟರ್ ಎಂದರು. ಆ ತೆನೆಯಿರುವಲ್ಲಿ ಹೊಳೆಯುವುದೇ ನಮ್ಮ ಚಿತ್ತೆ. ಲ್ಯಾಟಿನ್ನಿನ 'ಸ್ಪೈಕಾ' ಎಂದರೂ ತೆನೆಯೇ.

ಕ್ರಿ.ಪೂ. 2ನೇ ಶತಮಾನದಲ್ಲಿ ರೋಡ್ಸ್ ದ್ವೀಪದಲ್ಲಿ ಕೂತು ಆಕಾಶ ಅಳೆಯುತ್ತಿದ್ದ ಹಿಪಾರ್ಕಸ್‌ಗೆ ಈ ಚಿತ್ತೆಯ ಲೆಕ್ಕ ತಾಳೆಯಾಗಲಿಲ್ಲ. ಸುಮಾರು 150 ವರ್ಷ ಹಿಂದೆ ಅಲೆಕ್ಸಾಂಡ್ರಿಯಾದ ಟಿಮೋಕ್ಯಾರಿಸ್ ಅದನ್ನು ಶರದ್ ವಿಷುವ ಬಿಂದುವಿಗಿಂತ 8 ಡಿಗ್ರಿ ಪಶ್ಚಿಮಕ್ಕೆ ಗುರುತಿಸಿದ್ದ. ಮಳೆಗಾಲದ ಕೊನೆಗೆ ಹಗಲು ಇರುಳು ಸಮವಾಗುವ ದಿನ ಸೂರ್ಯ ನಿಲ್ಲುವ ಜಾಗವೇ ಆ ಬಿಂದು. ಹಿಪಾರ್ಕಸ್ ಅಳೆದಾಗ ಬಂದದ್ದು 6.

ಅಳೆದ ಉಪಾಯ ನೋಡಿ. ಸೂರ್ಯನಿದ್ದಾಗ ನಕ್ಷತ್ರ ಕಾಣದು, ನಕ್ಷತ್ರ ಕಂಡಾಗ ಸೂರ್ಯನಿರುವುದಿಲ್ಲ. ಹಾಗಾಗಿ ಅವನು ಚಂದ್ರಗ್ರಹಣವನ್ನು ಹಿಡಿದುಕೊಂಡ. ಗ್ರಹಣದ ಹೊತ್ತಿಗೆ ಚಂದ್ರ ಸೂರ್ಯನಿಗೆ ನೇರ ಎದುರು. ವಿಷುವದಿಂದ ದಿನ ಎಣಿಸಿದರೆ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತದೆ, ಅದರಿಂದ ಚಂದ್ರನ ಜಾಗ, ಅಲ್ಲಿಂದ ಚಿತ್ತೆಗೆ ಕೋನ ಅಳೆದರಾಯಿತು.

2 ಡಿಗ್ರಿಯೆಂದರೆ ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು. ನಾನಾಗಿದ್ದರೆ ಹಳಬನ ಕಣ್ತಪ್ಪು ಎಂದು ಸುಮ್ಮನಾಗುತ್ತಿದ್ದೆ. ಅವನು ಹಳಬನನ್ನು ನಂಬಿದ. ರಾಶಿಚಕ್ರದ ನಕ್ಷತ್ರಗಳು ಮಾತ್ರ ಸರಿಯುತ್ತಿವೆಯೇನೋ ಎಂಬ ಗುಮಾನಿಯೂ ಅವನಿಗಿತ್ತು. ಆದರೆ ಅವನ ಪುಸ್ತಕದ ಹೆಸರೇ ಹೇಳುವಂತೆ, ಜರುಗುತ್ತಿದ್ದುದು ಅಯನ ಮತ್ತು ವಿಷುವ ಬಿಂದುಗಳು. ಆ ಪುಸ್ತಕ ಕಳೆದುಹೋಗಿದೆ. ನಮಗೆ ಈ ಕತೆ ಸಿಕ್ಕಿರುವುದು ಮುಂದೆ ಬಂದ ಖಗೋಳಜ್ಞ ಟಾಲೆಮಿ ಬರೆದಿಟ್ಟದ್ದರಿಂದ.

ಈ ಬಿಂದುಗಳು ಜರುಗುವುದು ಶತಮಾನಕ್ಕೆ 1 ಡಿಗ್ರಿಗೆ ಕಡಿಮೆಯಿಲ್ಲ ಎಂದು ಹಿಪಾರ್ಕಸ್ ಹೇಳಿದ್ದ. ನಿಜವಾದ ಲೆಕ್ಕ ಸುಮಾರು 72 ವರ್ಷಕ್ಕೆ 1. ಕಾರಣ ಸಿಗಲು 1687ರವರೆಗೆ, ನ್ಯೂಟನ್‌ನವರೆಗೆ ಕಾಯಬೇಕಾಯಿತು: ನಡುವಿನಲ್ಲಿ ಉಬ್ಬಿದ ಭೂಮಿಯನ್ನು ಸೂರ್ಯ ಚಂದ್ರರು ಎಳೆಯುವುದರಿಂದ ಅದರ ಅಕ್ಷ ಬುಗುರಿಯಂತೆ ಓಲುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ.

ಹಿಪಾರ್ಕಸ್ ಕಾಲದಲ್ಲಿ ಸೂರ್ಯ ಚಿತ್ತೆಯ ಬಳಿಗೆ ಬರುತ್ತಿದ್ದುದು ವಿಷುವಕ್ಕೆ ಆರು ದಿನ ಮೊದಲು. ಈಗ ಚಿತ್ತೆ ಆ ಬಿಂದುವನ್ನು ದಾಟಿ 24 ಡಿಗ್ರಿ ಆಚೆಗಿದೆ, ಅಂದಿನ 6 ಸೇರಿಸಿದರೆ ಸರಿಯಾಗಿ ಒಂದು ರಾಶಿಯಷ್ಟು ಸರಿದಿದೆ. ಸೂರ್ಯ ಅದರ ಬಳಿ ಬರುವಷ್ಟರಲ್ಲಿ ಅಕ್ಟೋಬರ್ ಅರ್ಧ ಮುಗಿದಿರುತ್ತದೆ. ನಮ್ಮ ರೈತರು ಚಿತ್ತೆ ಮಳೆಗೆ ಮುಗಿಲು ನೋಡುವುದೂ ಆಗಲೇ.