ಉತಾರೆಯ ಮೇಲಿನ ಹೆಸರು ಮತ್ತು ಸಾಲದ ಬೋಜಾ



ಕಬ್ಬಿನ ನೋಂದಣಿ, ಸೊಸಾಯಟಿಯ ಬೆಳೆಸಾಲ, ಬಿಲ್ಲಿನಲ್ಲಿಯ ಕಪಾತು, ಈ ಮೂರೂ ತಮ್ಮ ಹೆಸರಿನ ಮೇಲೆಯೇ ನಡೆಯುತ್ತವೆ. ಬೀಜ, ಗೊಬ್ಬರ, ನೀರಿನ ಬಗ್ಗೆ ಈ ಪುಟದಲ್ಲಿ ನಾವು ಮೇಲಿಂದ ಮೇಲೆ ಬರೆಯುತ್ತೇವೆ. ಈ ಸಲ ಹೆಸರಿನ ಬಗ್ಗೆ ಬರೆಯುತ್ತಿದ್ದೇವೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ತೀರಿಸಿದ ಸಾಲ ಹೊಲದ ಮೇಲೆ ಉಳಿಯಬಹುದು, ಇನ್ನೊಬ್ಬನ ಸಾಲ ತಮ್ಮ ತಲೆಗೆ ಬರಬಹುದು.

ಬೋಜಾ ಎಂದರೇನು?

ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ 1960ರ ಕಾಯದೆಯ 48ನೇ ಕಲಮಿನಂತೆ, ಸೊಸಾಯಟಿಯಿಂದ ಸಾಲ ಬೇಡುವ ಸಭಾಸದನು ತನ್ನ ಹೊಲದ ಮೇಲೆ ಆ ಸಾಲದ ಭಾರ ಇಟ್ಟಿರುವುದಾಗಿ ಘೋಷಣಾಪತ್ರ ಬರೆದುಕೊಡಬೇಕು. ಆ ಭಾರಕ್ಕೇ ನಾವು ಬೋಜಾ ಎನ್ನುತ್ತೇವೆ. ಅದು ಫೇರಫಾರ ಆಗಿ 7/12 ಉತಾರೆಯ 'ಇತರ ಅಧಿಕಾರ' ಎಂಬ ಅಂಕಣದಲ್ಲಿ ಬರುತ್ತದೆ. ಸಾಲ ಪೂರ್ತಿ ತೀರುವವರೆಗೆ ಆ ಹೊಲವನ್ನು ಮಾರುವಂತಿಲ್ಲ. ಮಾರಿದರೆ ಆ ಖರೀದಿ ಕಾಯದೆಯ ಎದುರು ನಿಲ್ಲುವುದಿಲ್ಲ. ಆದ್ದರಿಂದ ಹೊಲ ಕೊಳ್ಳುವವನಿಗೂ ಮಾರುವವನಿಗೂ ಈ ಅಂಕಣ ಮಹತ್ವದ್ದು.

ಉತಾರೆಯಲ್ಲಿ ಬರೆದದ್ದು ಬೇರೆ ರೀತಿ ಸಿದ್ಧವಾಗುವವರೆಗೆ ನಿಜವೆಂದೇ ತಿಳಿಯಬೇಕು ಎಂದು 1966ರ ಜಮೀನ್ ಮಹಸೂಲ್ ಸಂಹಿತೆಯ 157ನೇ ಕಲಮು ಹೇಳುತ್ತದೆ. ತಪ್ಪಿದ್ದರೆ ಅದನ್ನು ತೋರಿಸಿ ತಿದ್ದಿಸುವ ಹೊಣೆ ನಮ್ಮದೇ.

ನಮ್ಮ ಭಾಗದ ವಿಶೇಷ ತೊಂದರೆ

ಸೋಲಾಪುರ ಹಾಗೂ ಅಕ್ಕಲಕೋಟ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ದಫ್ತರದ ಬರಹ ಮರಾಠಿ, ಬ್ಯಾಂಕಿನ ಪುಸ್ತಕ ಇಂಗ್ಲಿಷು. ಒಂದೇ ಹೆಸರು ಮೂರು ಕಡೆ ಮೂರು ರೂಪ ತಾಳುತ್ತದೆ. ಸಿದ್ಧೇಶ್ವರರ ಊರಿನ ಸುತ್ತಮುತ್ತ ಸಿದ್ಧರಾಮ ಎಂಬ ಹೆಸರು ಮನೆಗೊಂದಿದೆ. ಅದು ಒಂದು ಕಾಗದದಲ್ಲಿ ಸಿದ್ರಾಮ, ಇನ್ನೊಂದರಲ್ಲಿ ಸಿಧರಾಮ, ಮತ್ತೊಂದರಲ್ಲಿ ಸಿದ್ರಾಮಪ್ಪಾ. ಈರಪ್ಪನು ಇರಪ್ಪಾ ಆಗುತ್ತಾನೆ, ವೀರಪ್ಪಾನೂ ಆಗುತ್ತಾನೆ. ಹಳೆಯ ಕಾಗದಗಳಲ್ಲಿ ಕೆಲವರಿಗೆ ಆಡನಾವವೇ ಇಲ್ಲ. ಮಕ್ಕಳ ಕಾಲಕ್ಕೆ ಶಾಲೆಯಲ್ಲಿ ಒಂದು ಸೇರಿಕೊಂಡಿರುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ತಂದೆಯಿಂದ ಬಂದ ಹೊಲ ತವರಿನ ಹೆಸರಿನಲ್ಲಿ, ಆಧಾರ್ ಕಾರ್ಡು ಗಂಡನ ಮನೆಯ ಹೆಸರಿನಲ್ಲಿ.

ತಲಾಠಿಯು ಕೈಯಿಂದ ಉತಾರೆ ಬರೆಯುತ್ತಿದ್ದ ಕಾಲದಲ್ಲಿ ಇದು ಅಷ್ಟು ಕಾಡಲಿಲ್ಲ. ಅವರಿಗೆ ಮನುಷ್ಯನ ಗುರುತಿರುತ್ತಿತ್ತು. ಗಣಕಯಂತ್ರಕ್ಕೆ ಮನುಷ್ಯನ ಗುರುತಿಲ್ಲ, ಅಕ್ಷರದ ಗುರುತು ಮಾತ್ರ ಇದೆ.

ಬದಲಾದ ಪದ್ಧತಿ

2018ರ ಮೇ 1ರಿಂದ ಡಿಜಿಟಲ್ ಸಹಿಯ ಉತಾರೆ ಸಿಗಲಾರಂಭಿಸಿತು. ಮಹಾಭೂಲೇಖದಲ್ಲಿ ಉತಾರೆಯನ್ನು ಗಟ್ ನಂಬರಿನಿಂದಲೂ ಹುಡುಕಬಹುದು, ಹೆಸರಿನಿಂದಲೂ ಹುಡುಕಬಹುದು. ದಾಖಲೆ ಇರುವುದು ದೇವನಾಗರಿಯಲ್ಲಿ. ನಾವು ಸಿದ್ಧರಾಮ ಎಂದು ಕೇಳಿ, ದಾಖಲೆಯಲ್ಲಿ ಸಿಧರಾಮ ಎಂದಿದ್ದರೆ, ಹೊಲ ಸಿಗಲಿಲ್ಲವೆಂದು ಬೋಜಾ ಇಲ್ಲವೆಂದು ತಿಳಿಯುವುದು ದೊಡ್ಡ ತಪ್ಪು.

2024ರ ಕೊನೆಯಿಂದ ನಮ್ಮ ರಾಜ್ಯದಲ್ಲಿ ಅಗ್ರಿಸ್ಟ್ಯಾಕ್ ಯೋಜನೆಯ ರೈತ ಗುರುತಿನ ಸಂಖ್ಯೆ ಬಂದಿದೆ. 2025ರ ಏಪ್ರಿಲ್ 15ರಿಂದ ಕೃಷಿ ಇಲಾಖೆಯ ಯೋಜನೆಗಳಿಗೆ ಅದು ಕಡ್ಡಾಯ. ಇದರಲ್ಲಿ ಆಧಾರಿನ ಹೆಸರನ್ನೂ ಉತಾರೆಯ ಹೆಸರನ್ನೂ ಯಂತ್ರವೇ ಹೋಲಿಸಿ ನೋಡುತ್ತದೆ. ಅಲ್ಲದೆ 2024ರ ಮಾರ್ಚಿನಲ್ಲಿ ರಾಜ್ಯ ಮಂತ್ರಿಮಂಡಲವು ಸರ್ಕಾರಿ ಕಾಗದಪತ್ರಗಳಲ್ಲಿ ತಾಯಿಯ ಹೆಸರನ್ನೂ ಬರೆಯುವ ನಿರ್ಣಯ ಮಾಡಿತು: ಮೊದಲು ಸ್ವಂತ ಹೆಸರು, ಬಳಿಕ ತಾಯಿ, ಬಳಿಕ ತಂದೆ, ಕೊನೆಗೆ ಆಡನಾವ. ನಿರ್ಣಯ ಒಳ್ಳೆಯದೇ. ಆದರೆ ಮುಂದಿನ ಪೀಳಿಗೆಯ ಹೆಸರಿನ ಜೋಡಣೆ ಹಳೆಯ ಉತಾರೆಗೆ ಹೊಂದಲಾರದು ಎಂಬುದು ಲಕ್ಷ್ಯದಲ್ಲಿರಲಿ.

ಹೊರದೇಶದ ಉದಾಹರಣೆ

ಇದು ನಮ್ಮೊಬ್ಬರ ತೊಂದರೆಯಲ್ಲ. ಅಮೇರಿಕೆಯಲ್ಲಿ ಟ್ರ್ಯಾಕ್ಟರು, ಅವಜಾರುಗಳ ಮೇಲಿನ ಸಾಲವನ್ನು ಸಾಲಗಾರನ ಹೆಸರಿನ ಕೆಳಗೆ ಸಾರ್ವಜನಿಕ ದಫ್ತರದಲ್ಲಿ ನೋಂದಿಸುತ್ತಾರೆ. ಕನ್ಸಾಸ್ ರಾಜ್ಯದಲ್ಲಿ ಒಬ್ಬ ಮಾರಾಟಗಾರನು ಟ್ರ್ಯಾಕ್ಟರಿನ ನೋಂದಣಿಯಲ್ಲಿ ಕೊಂಡವನ ಹೆಸರಿನ ಒಂದು 'ಡಿ' ಅಕ್ಷರ ಬಿಟ್ಟಿದ್ದನು. ಮುಂದೆ ಒಂದು ಬ್ಯಾಂಕೂ ಅದೇ ಮನುಷ್ಯನಿಗೆ ಸಾಲ ಕೊಟ್ಟಿತು. ಸರಿಯಾದ ಹೆಸರಿನಿಂದ ಹುಡುಕಿದರೆ ಮೊದಲಿನ ನೋಂದಣಿ ಸಿಗುತ್ತಿರಲಿಲ್ಲ. 2006ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಒಂದು ಅಕ್ಷರಕ್ಕೆ ಮಾರಾಟಗಾರನ ಹಕ್ಕು ಹಿಂದೆ ಬಿತ್ತು. ಇಂಥ ಗೊಂದಲ ತಪ್ಪಿಸಲು 2010ರಲ್ಲಿ ನಿಯಮ ತಿದ್ದಿ, ವಾಹನ ಚಾಲನೆಯ ಪರವಾನಗಿಯಲ್ಲಿದ್ದ ಹೆಸರನ್ನೇ ಬರೆಯುವ ಪದ್ಧತಿಯನ್ನು ಸೂಚಿಸಲಾಯಿತು. 2013ರ ಜುಲೈ 1ರಿಂದ ಹೆಚ್ಚಿನ ರಾಜ್ಯಗಳಲ್ಲಿ ತಿದ್ದುಪಡಿ ಜಾರಿಗೆ ಬಂತು.

ನಮ್ಮಲ್ಲಿ ಒಂದು ಅನುಕೂಲವಿದೆ. ಬೋಜಾ ಬೀಳುವುದು ಹೊಲದ ಉತಾರೆಯ ಮೇಲೆ, ಬರೀ ಹೆಸರಿನ ಮೇಲೆ ಅಲ್ಲ. ಹೆಸರಿನ ರೂಪ ಹತ್ತಾಗಬಹುದು, ಗಟ್ ನಂಬರು ಒಂದೇ. ಈ ಅನುಕೂಲವನ್ನು ನಾವು ಬಳಸಿಕೊಳ್ಳಬೇಕು.

ತಾವು ಮಾಡಬೇಕಾದದ್ದು

1. ಬೋಜಾ ನೋಡುವಾಗ ಯಾವಾಗಲೂ ಗಟ್ ನಂಬರಿನಿಂದಲೇ ಉತಾರೆ ತೆಗೆಯಿರಿ. ಹೆಸರಿನ ಹುಡುಕಾಟವು ಗಟ್ ನಂಬರು ಗೊತ್ತಿಲ್ಲದವರಿಗೆ ದಾರಿ ತೋರಿಸಲಿಕ್ಕೆ ಮಾತ್ರ.

2. ಹೊಲ ಕೊಳ್ಳುವವರು ಉತಾರೆಯ ಜೊತೆಗೆ ಉಪನಿಬಂಧಕರ ಕಚೇರಿಯ ಇಂಡೆಕ್ಸ್ ಎರಡನ್ನೂ ನೋಡಬೇಕು. 1908ರ ನೋಂದಣಿ ಕಾಯದೆಯಂತೆ ಒಂದನೇ ಇಂಡೆಕ್ಸು ಹೆಸರುಗಳದು, ಎರಡನೆಯದು ಜಮೀನಿನದು. ನೋಂದಾಯಿತ ಗಹಾಣಖತ ಅಲ್ಲಿ ಸಿಗುತ್ತದೆ. ಸೊಸಾಯಟಿಯ ಬೋಜಾ ಉತಾರೆಯಲ್ಲಿ ಸಿಗುತ್ತದೆ. ಒಂದನ್ನೇ ನೋಡಿ ಸಮಾಧಾನಪಡಬಾರದು.

3. 7/12, 8ಅ, ಆಧಾರ್, ಸೊಸಾಯಟಿಯ ಪಾಸ್‌ಬುಕ್, ಕಾರ್ಖಾನೆಯ ಸಭಾಸದತ್ವದ ಕಾಗದ, ಈ ಐದನ್ನೂ ಒಂದು ಕಡೆ ಇಟ್ಟು ಅಕ್ಷರ ಅಕ್ಷರ ಹೋಲಿಸಿರಿ. ಓದು ಬಾರದವರು ಮನೆಯ ಶಾಲೆಯ ಮಕ್ಕಳಿಂದ ಓದಿಸಲಿ.

4. ನಕಲು ಮಾಡುವಾಗ ತಪ್ಪು ಬಿದ್ದಿದ್ದರೆ ಸಂಹಿತೆಯ 155ನೇ ಕಲಮಿನಂತೆ ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ಹಳೆಯ ಕೈಬರಹದ ಉತಾರೆ ಹಾಗೂ ಫೇರಫಾರದ ನಕಲು ಜೊತೆಗಿದ್ದರೆ ಕೆಲಸ ಸುಲಭ. ತಪ್ಪು ಆಧಾರಿನಲ್ಲಿದ್ದರೆ ಅದನ್ನೇ ತಿದ್ದಿಸಬೇಕು. ಅದಕ್ಕಾಗಿ ಸರಿಯಿದ್ದ ಉತಾರೆಯನ್ನು ಕೆಡಿಸಬಾರದು.

5. ಸಾಲ ತೀರಿದ ದಿನವೇ ಸೊಸಾಯಟಿಯಿಂದ ಬೇಬಾಕಿ ದಾಖಲೆ ಪಡೆಯಿರಿ. ಅದರಲ್ಲಿ ಗಟ್ ನಂಬರು ಹಾಗೂ ಬೋಜಾ ಏರಿದ ಫೇರಫಾರದ ನಂಬರು ಬರೆಸಿರಿ. ಬೋಜಾ ಕಡಿಮೆ ಮಾಡುವ ಅರ್ಜಿಯನ್ನು ಈಗ ಇ-ಹಕ್ಕ ಪದ್ಧತಿಯಿಂದಲೂ ಕೊಡಬಹುದು. ಮಂಡಲ ಅಧಿಕಾರಿಯು ಫೇರಫಾರ ಮಂಜೂರು ಮಾಡಿದ ಮೇಲೆ ಹೊಸ ಉತಾರೆ ತೆಗೆದು ಕಣ್ಣಾರೆ ನೋಡಿರಿ. ಹಣ ಕಟ್ಟಿದ ಪಾವತಿ ಬೇರೆ, ಬೋಜಾ ಇಳಿಯುವುದು ಬೇರೆ.

6. ತಂದೆ ತೀರಿಕೊಂಡ ಮೇಲೆ ವಾರಸಾ ನೋಂದಣಿ ಮಾಡಿಸಿದರೂ ತಂದೆಯ ಕಾಲದ ಬೋಜಾ ಹಾಗೆಯೇ ಇರುತ್ತದೆ. ಸಾಲ ಬಾಕಿಯಿದೆಯೋ, ತೀರಿದೆಯೋ ವಿಚಾರಿಸಿರಿ.

7. ಕಪಾತಿನ ಯಾದಿಯಲ್ಲಿ ತಮ್ಮದೇ ಹೆಸರಿನ ಇನ್ನೊಬ್ಬರ ಸಾಲ ಬಂದಿದ್ದರೆ ಹೆಸರಿನ ಮೇಲೆ ವಾದ ಮಾಡದೆ, ಯಾವ ಗಟ್ ನಂಬರಿನ ಸಾಲ ಎಂದು ಬರಹದಲ್ಲಿ ಕೇಳಿರಿ. ಬಿಲ್ಲು ಬ್ಯಾಂಕಿಗೆ ಹೋದ ಮೇಲೆ ಹಣ ತಿರುಗಿ ತರುವುದು ವೇಳೆ ತಿನ್ನುವ ಕೆಲಸ.

ಟ್ರ್ಯಾಕ್ಟರ್ ಇದ್ದವರಿಗೂ ಒಂದು ಮಾತು. ಕಂತು ತೀರಿದ ಮೇಲೆ ಬ್ಯಾಂಕಿನಿಂದ ಫಾರ್ಮ್ 35 ಪಡೆದು ಆರ್.ಟಿ.ಓ. ದಫ್ತರದಲ್ಲಿ ಸಾಲದ ನೋಂದಣಿ ಕಡಿಮೆ ಮಾಡಿಸಿರಿ. ಇಲ್ಲವಾದರೆ ಮಾರುವ ಹೊತ್ತಿಗೆ ಗಾಡಿ ಬ್ಯಾಂಕಿನದೇ ಎಂದು ತೋರುತ್ತದೆ.

ಗಾಳಪ ಹಂಗಾಮು ಸುರುವಾದ ಮೇಲೆ ಟೋಳಿ, ಗಾಡಿ, ಚೀಟಿಯ ಗಡಿಬಿಡಿಯಲ್ಲಿ ಈ ಕೆಲಸ ಆಗದು. ಅದಕ್ಕೆ ಮೊದಲೇ, ನೋಂದಣಿಗೆ ಗಟ್ ಆಫೀಸಿಗೆ ಬರುವಾಗ ಹೊಸ ಉತಾರೆ ಹಾಗೂ ಆಧಾರಿನ ನಕಲು ತರಬೇಕೆಂದು ವಿನಂತಿ. ಕಬ್ಬಿನ ನೋಂದಣಿಯಲ್ಲಿ ಹೆಸರಿನ ಜೊತೆಗೆ ಗಟ್ ನಂಬರನ್ನೂ ತಪ್ಪದೇ ಬರೆಸಿರಿ, ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿರಿ.