ಎರೆನಾಡಿನ ದಾರಿಯಲ್ಲಿ ನೀರು ನಿಂತ ತಾಣಗಳು

ಹುಬ್ಬಳ್ಳಿಯಿಂದ ಹೊಸಪೇಟೆಯ ಕಡೆಗೆ ಸಾಗುವ 67ನೆಯ ರಾಷ್ಟ್ರೀಯ ಹೆದ್ದಾರಿ ಗದಗನ್ನು ಹಾದುಹೋಗುತ್ತದೆಯಾದರೂ, ಹಂಪಿಯನ್ನೇ ಗುರಿಯಾಗಿಟ್ಟುಕೊಂಡ ಬಹುಪಾಲು ಪ್ರವಾಸಿಗರಿಗೆ ಈ ಸೀಮೆ ವಾಹನದ ಕಿಟಕಿಯಾಚೆ ಸರಿದುಹೋಗುವ ಬಯಲಾಗಿಯೇ ಉಳಿದಿದೆ. ಹೆಚ್ಚೆಂದರೆ ಅವರು ಲಕ್ಕುಂಡಿಯ ಗುಡಿಗಳ ಮುಂದೆ ಅರ್ಧ ತಾಸು ನಿಂತು ಮುಂದೆ ಸಾಗುತ್ತಾರೆ. ಹೆದ್ದಾರಿಯಿಂದ ದಕ್ಷಿಣಕ್ಕೆ ಹೊರಳಿ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ಸುತ್ತುವವರಿಗೆ ಈ ಬಯಲಿನ ಒಳಗುಟ್ಟು ತಿಳಿಯುತ್ತದೆ. ಆಸ್ಟ್ರೇಲಿಯದ ಒಳನಾಡನ್ನು ಸೀಳಿಕೊಂಡು ಸುಮಾರು 2,700 ಕಿ.ಮೀ. ಸಾಗುವ ಸ್ಟುವರ್ಟ್ ಹೆದ್ದಾರಿಯಲ್ಲಿ ಮುಂದಿನ ಪೆಟ್ರೋಲ್ ಬಂಕ್ ಎಷ್ಟು ದೂರವಿದೆ ಎಂಬುದು ನಿಲುಗಡೆಯನ್ನು ಗೊತ್ತುಮಾಡಿದರೆ, ಎರೆ ಎಂಬ ಕಪ್ಪು ಮಣ್ಣು ಮತ್ತು ಮಸಾರಿ ಎಂಬ ಕೆಂಪು ಮಣ್ಣು ಒಂದರೊಳಗೊಂದು ಸೇರಿಕೊಂಡಿರುವ, ಮಳೆಯನ್ನು ಪೂರ್ತಿ ನಂಬಲಾಗದ ಈ ನಾಡಿನಲ್ಲಿ ದಾರಿಹೋಕರು ಎಲ್ಲಿ ನಿಲ್ಲಬೇಕೆಂಬುದನ್ನು ಕೆರೆ ಬಾವಿಗಳು ಎಷ್ಟೋ ಶತಮಾನಗಳ ಹಿಂದೆಯೇ ಗೊತ್ತುಮಾಡಿವೆ.

ಗದಗಿನಲ್ಲಿಯೂ ನೀರಿನ ಕಥೆಯೇ ಮೊದಲು ಎದುರಾಗುತ್ತದೆ. ಕುಮಾರವ್ಯಾಸನು ವೀರನಾರಾಯಣ ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಕಂಬದ ಬಳಿ ಕುಳಿತು, ಅದು ಆರುವವರೆಗೆ ಮಾತ್ರ ಭಾರತವನ್ನು ರಚಿಸುತ್ತಿದ್ದನೆಂಬ ಪ್ರತೀತಿಯನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ; ಆದರೆ ಇಲ್ಲಿಯ ಬಿಸಿಲನ್ನು ಬಲ್ಲವರಿಗೆ ಆ ಕವಿಗೆ ಸಿಗುತ್ತಿದ್ದ ಸಮಯ ಎಷ್ಟು ಕಡಿಮೆಯೆಂಬುದು ಹೊಳೆಯದಿರದು. ಊರಿನ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದರ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಕುಸುರಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಒಳ್ಳೆಯ ಮಾದರಿ. ಜೋಡಿ ಊರಾದ ಬೆಟಗೇರಿಯು ನೇಕಾರಿಕೆಗೂ ಹಳೆಯ ವೀರಗಲ್ಲುಗಳಿಗೂ, ಎಂದರೆ ಕಾಳಗದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲುಗಳಿಗೂ ಹೆಸರಾಗಿದೆ.

ಗದಗಿನಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ದೂರದ ಡಂಬಳ ಈ ಸುತ್ತಿನಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಊರು. ಇಲ್ಲಿಯ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸವು ನಕ್ಷತ್ರಾಕಾರದ್ದು: ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಅದರ ಮೂಲೆಗಳು ಹೊರಚಾಚಿ ನಕ್ಷತ್ರವೊಂದು ಮೂಡುವಂತೆ, ಈ ಗರ್ಭಗುಡಿಯ ಹೊರಗೋಡೆ 24 ಕೋನಗಳಾಗಿ ಮಡಿಚಿಕೊಂಡಿದ್ದು, ಆ ಮಡಿಕೆಗಳು ಶಿಖರದವರೆಗೂ ಕಡಿಯದೆ ಏರಿ ಹೋಗಿವೆ. ನಕ್ಷತ್ರ ವಿನ್ಯಾಸದ ಬೇರೆ ಗುಡಿಗಳಲ್ಲಿ ದಿಕ್ಕಿಗೊಂದರಂತೆ ಚಪ್ಪಟೆಯಾದ ಮುಖವಿಟ್ಟು ಈ ಲೆಕ್ಕವನ್ನು ಸಡಿಲಿಸುವುದುಂಟು. ಡಂಬಳದ ಶಿಲ್ಪಿ ಆ ಸುಲಭದ ದಾರಿ ಹಿಡಿಯಲಿಲ್ಲವಾದ್ದರಿಂದ ಬೆಳಗಿನ ಬಿಸಿಲಿನಲ್ಲಿ ಗೋಡೆಯ ಒಂದೊಂದು ಅಂಚೂ ಪಕ್ಕದ ಅಂಚಿನ ಮೇಲೆ ನೆರಳು ಚೆಲ್ಲುತ್ತದೆ. ಹಂಪಿಯ ದಾರಿಯಲ್ಲಿ ಧಾವಿಸುವವರು ಕಳೆದುಕೊಳ್ಳುವುದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲವೆಂದರೂ ತಪ್ಪಾಗದು. ಇದೇ ಊರಿನ 1095ರ ಶಾಸನವು 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಗೂ ಸಂದ ದತ್ತಿಯನ್ನು ತಿಳಿಸುವುದರಿಂದ, ಬೌದ್ಧ ಧರ್ಮ ಕನ್ನಡ ನಾಡಿನಲ್ಲಿ ಬಹುಪಾಲು ಮರೆಯಾಗಿದ್ದ ಕಾಲದಲ್ಲಿಯೂ ಇಲ್ಲಿಯ ವರ್ತಕರು ಅದನ್ನು ಪೋಷಿಸುತ್ತಿದ್ದರೆಂಬುದು ಖಚಿತವಾಗುತ್ತದೆ. ಮೆಟ್ಟಿಲುಗಳಿಂದ ಕೂಡಿದ ಜಪದ ಬಾವಿಯನ್ನೂ ಊರಿನ ಕೆರೆಯನ್ನೂ ನೋಡಿದ ಮೇಲೆ ಆ ವರ್ತಕರು ಇಲ್ಲಿಯೇ ಏಕೆ ನೆಲೆನಿಂತರೆಂಬ ಪ್ರಶ್ನೆ ಏಳುವುದಿಲ್ಲ.

ಮುಂಡರಗಿಯ ಹೆಸರು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನೊಡನೆ ಬೆಸೆದುಕೊಂಡಿದೆ. ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಇಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ, ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ಹೊಳೆದಂಡೆಯ ಸಿಂಗಟಾಲೂರಿನವರೆಗೆ ಚಾಚಿಕೊಂಡಿರುವ ಕಪ್ಪತಗುಡ್ಡದ ಸಾಲು ಅಡ್ಡಬರುತ್ತದೆ. ಔಷಧೀಯ ಸಸ್ಯಗಳಿಗೆ ಪ್ರಸಿದ್ಧವಾಗಿದ್ದು, ಚಿನ್ನ ಮತ್ತು ಕಬ್ಬಿಣದ ಅದಿರಿಗಾಗಿ ಗಣಿ ಉದ್ಯಮದ ಕಣ್ಣಿಗೂ ಬಿದ್ದಿದ್ದ ಈ ಗುಡ್ಡವು, ಮಠಾಧೀಶರೂ ರೈತರೂ ಪರಿಸರಾಸಕ್ತರೂ ನಡೆಸಿದ ದೀರ್ಘ ಹೋರಾಟದ ನಂತರ 2019ರಲ್ಲಿ ಸುಮಾರು 244 ಚದರ ಕಿ.ಮೀ. ವಿಸ್ತೀರ್ಣದ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಇದನ್ನು ಮಳೆಗಾಲದ ಕೊನೆಗೆ ನೋಡುವುದೇ ನ್ಯಾಯ.

ಗುಡ್ಡದಾಚೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಫಕೀರ ಮತ್ತು ಈಶ್ವರ ಎಂಬ ಎರಡು ಪದಗಳು ಕೂಡಿದ ಹೆಸರೇ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಆ ಪೀಠದ ಪರಂಪರೆಯನ್ನು ಹೇಳುತ್ತದೆ. ಅಲ್ಲಿಂದ ಸುಮಾರು 8 ಕಿ.ಮೀ. ದೂರದಲ್ಲಿರುವ ಮಾಗಡಿ ಕೆರೆಯ ಅತಿಥಿಗಳು ಬರುವುದು ಮಾತ್ರ ಬೇರೆ ದಾರಿಯಿಂದ. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಇಲ್ಲಿಗೆ ಇಳಿಯುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್, ಎಂದರೆ ಪ್ರಾಣವಾಯುವನ್ನು ಹೊತ್ತೊಯ್ಯುವ ಕೆಂಪು ದ್ರವ್ಯ, ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಆ ವಾಯುವನ್ನು ಹಿಡಿದಿಡುವುದರಿಂದ ತೆಳುಗಾಳಿಯ ಎತ್ತರದಲ್ಲಿಯೂ ಅವು ಹಾರಬಲ್ಲವು. ಹಗಲೆಲ್ಲ ನೀರಿನ ಮೇಲೆ ವಿಶ್ರಮಿಸಿ, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವುದರಿಂದ ಸಂಜೆಯ ಹೊತ್ತೇ ನೋಡುವವರಿಗೆ ಅನುಕೂಲ. ಹೊಲದ ಒಡೆಯರಿಗೆ ಇದು ಅಷ್ಟೇನೂ ಸಂತಸದ ಸಂಗತಿಯಲ್ಲ. ಇರಾನಿನ ರಾಮ್ಸರ್‌ನಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮಹತ್ವದ ಜೌಗು ತಾಣಗಳನ್ನು ಗುರುತಿಸುವ ಪಟ್ಟಿಗೆ, ಊರವರು ನೀರು ಕಟ್ಟಿಕೊಳ್ಳಲು ಮಾಡಿಕೊಂಡ ಈ ಕೆರೆಯೂ 2024ರಲ್ಲಿ ಸೇರಿತು.

ಮಾಗಡಿಯಿಂದ ಹತ್ತು ಹನ್ನೊಂದು ಕಿ.ಮೀ. ಅಂತರದ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಹೆಸರಿನಲ್ಲಿಯೇ ಕೆರೆಯುಳ್ಳ ಈ ಊರು ಪುಲಿಗೆರೆ ಮುನ್ನೂರು ಎಂಬ ಆಡಳಿತ ವಿಭಾಗದ ಮುಖ್ಯಪಟ್ಟಣವಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ನೆಲೆಸಿದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನು ಎಣಿಸಿದೆ. ಪಂಪನು 941ರಲ್ಲಿ ಮುಗಿಸಿದ ಭಾರತದ ಭಾಷೆಯೂ ಪುಲಿಗೆರೆಯ ತಿರುಳ್ಗನ್ನಡವೆಂದು ಅವನೇ ಹೇಳಿಕೊಂಡಿದ್ದಾನೆ. ಕೋಟೆಯಂಥ ಗೋಡೆಯೊಳಗಿನ ಸೋಮೇಶ್ವರ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತ ಮೂರ್ತಿಯಿದ್ದು, ಅದನ್ನು ಸೌರಾಷ್ಟ್ರದಿಂದ ಆದಯ್ಯನೆಂಬ ಶರಣ ತಂದನೆಂದು ಐತಿಹ್ಯ ಹೇಳುತ್ತದೆ. ಶಂಖ ಲಾಂಛನದ ನೇಮಿನಾಥನ ಶಂಖಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದ್‌ನಾನಾ ದರ್ಗಾಗಳೂ ಇದೇ ಊರಿನಲ್ಲಿವೆ. ಇಲ್ಲಿಂದ ಶಿಗ್ಗಾಂವಿಯ ಕಡೆಗೆ ಹೊರಳುವ ರಸ್ತೆ ಬೆಂಗಳೂರು–ಪುಣೆ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ.